ಆರುನೂರಾ ನಲವತ್ತು ಮೀಟರು

ನಕಾಶೆಗಳ ಕೊಳವೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡರೆ ಬಾಜೂಕಿನವರಿಗೆ ತಾಗುತ್ತಿತ್ತು, ಕಾಲ ಸಂದಿಯಲ್ಲಿ ನಿಲ್ಲಿಸಿಕೊಂಡರೆ ತನ್ನ ಗದ್ದಕ್ಕೇ ಬಡಿಯುತ್ತಿತ್ತು. ಬೆಳಗಾವಿ ಬಿಟ್ಟು ಪೀರನವಾಡಿ ದಾಟುವತನಕ ಪ್ರಮಿಳಾ ಅದನ್ನು ಎತ್ತಿ ಇಳಿಸುವುದರಲ್ಲೇ ಕಳೆದಳು. ಹಾಳಾದ್ದು, ಇಷ್ಟು ಹಗುರಾದ ವಸ್ತು ಇಷ್ಟೊಂದು ಜಾಗ ಕೇಳಬೇಕೇ? ಒಳಗಿದ್ದದ್ದು ಎರಡೇ ಹಾಳೆ. ಎರಡೂ ಒಂದೇ ಅಳತೆಯವು, ಎರಡರ ಕೆಳಗೂ ತಯಾರಿಸಿದವರು ಎಂದು ಅವಳದೇ ಹೆಸರು, ಆದರೆ ಅವುಗಳಲ್ಲಿ ಒಂದು ಸುಳ್ಳು. ಹನ್ನೊಂದು ಗಂಟೆಗೆ ಖಾನಾಪುರದ ಸಭೆಯಲ್ಲಿ ಯಾವುದಾದರೂ ಒಂದನ್ನು ಮೇಜಿನ ಮೇಲೆ ಹಾಸಬೇಕು. ಯಾವುದನ್ನು ಎಂಬುದು ರವಿವಾರವೇ ಅವಳ ಮನಸ್ಸಿನಲ್ಲಿ ಗಟ್ಟಿಯಾಗಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಕೊಳವೆಯನ್ನು ಬೆರಳಿನಿಂದ ತಟ್ಟಿ, "ಏನ್ ತಂಗಿ, ದೇವರ ಫೋಟೋ ಐತೇನ?" ಎಂದಳು. ನಕಾಶಿ ಎಂದಳು ಪ್ರಮಿಳಾ. "ಮನೀದಾ?" ಅಲ್ಲ, ಅಡವೀದು. "ಅಯ್ಯ ನನ ಶಿವನ, ಅಡವಿಗೂ ನಕಾಶಿ ಬೇಕೇನವಾ, ಅದೇನ್ ಎದ್ದು ಓಡಿಹೋಕ್ಕೈತಿ?" ಎಂದು ಆ ಹೆಂಗಸು ತನ್ನ ಮಾತಿಗೆ ತಾನೇ ನಕ್ಕಳು. ಪ್ರಮಿಳಾಳಿಗೂ ನಗು ಬರಬೇಕಿತ್ತು, ಬರಲಿಲ್ಲ.

ಓಡಿಹೋಗುವುದಿಲ್ಲ, ನಿಜ. ಆದರೆ ಅವಳ ಕೈಯಲ್ಲಿ ಅದು ಆರುನೂರಾ ನಲವತ್ತು ಮೀಟರು ಓಡಿತ್ತು. ಕೆಲಸವನ್ನು ಮಾತಿನಲ್ಲಿ ಹೇಳುವುದು ಸುಲಭ. ಬ್ರಿಟಿಷರ ಕಾಲದ ಮೋಜಣಿಯವರು ಸುಮಾರು ತೊಂಬತ್ತೈದು ವರ್ಷದ ಹಿಂದೆ ಗುಂಜಿಯ ಆಸುಪಾಸಿನ ಅಡವಿ, ಹಳ್ಳ, ಬಯಲುಗಳನ್ನು ಅಳೆದು ಬರೆದ ಹಾಳೆಯೊಂದಿದೆ. ಅದನ್ನು ಇಂದಿನ ಉಪಗ್ರಹ ಚಿತ್ರದ ಮೇಲೆ ಹಾಸಬೇಕು, ಆಗ ಎಲ್ಲಿ ಬಯಲಿತ್ತು ಎಲ್ಲಿ ಮರವಿತ್ತು, ಈಗ ಏನಾಗಿದೆ ಎಂಬುದು ಕಣ್ಣಿಗೆ ಬೀಳುತ್ತದೆ. ಹಾಸುವುದಕ್ಕೆ ಎರಡರಲ್ಲೂ ಕಾಣುವ, ಈ ನೂರು ವರ್ಷದಲ್ಲಿ ಅಲುಗಾಡದ ಕೆಲವು ಗುರುತುಗಳು ಬೇಕು. ಆ ಮೂಲೆಯಲ್ಲಿ ಅವಳಿಗೆ ಸಿಕ್ಕಿದ್ದು ಮೂರು: ರೈಲು ಸೇತುವೆ, ಎರಡು ಹಳ್ಳ ಕೂಡುವ ಜಾಗ, ಮತ್ತು ಬೀರದೇವರ ಗುಡಿ. ಮಾರ್ಚಿಯ ಆ ಮಧ್ಯಾಹ್ನ ಮೂರೂ ಒಟ್ಟಿಗೆ ಹೊಂದಲಿಲ್ಲ. ಪರದೆಯ ಮೇಲೆ ತಪ್ಪಿನ ಅಂಕಿ ಕೆಂಪಗೆ ಕೂತಿತ್ತು. ಸೇತುವೆಯನ್ನು ನಡುವೆ ಮತ್ತೆ ಕಟ್ಟಿರಬಹುದು ಎಂದು ಅವಳು ಮೊದಲು ಅದನ್ನು ತೆಗೆದಳು. ಹಳ್ಳ ಹರಿವು ಬದಲಿಸುತ್ತದೆ ಎಂದು ಆಮೇಲೆ ಅದನ್ನೂ ತೆಗೆದಳು. ಗುಡಿ ಉಳಿಯಿತು, ಅಂಕಿ ಚಿಕ್ಕದಾಯಿತು, ಅವಳಿಗೆ ಎಷ್ಟು ಖುಷಿಯಾಯಿತೆಂದರೆ ಕೆಳಗಿಳಿದು ಹೋಗಿ ಒಬ್ಬಳೇ ನಿಂತು ಚಹಾ ಕುಡಿದು ಬಂದಿದ್ದಳು. ಗುಡಿಯನ್ನೇ ಯಾಕೆ ಇಟ್ಟುಕೊಂಡೆ ಎಂದು ಅವಳ ಮಾರ್ಗದರ್ಶಕರಾದ ಶಶಿಧರ ಸರ್ ಕೇಳಿದಾಗ, "ಅದು ನಮ್ಮ ಮನಿದೇವ್ರು ಸರ್, ಅದೆಲ್ಲಿ ಹೋಕ್ಕೈತ್ರಿ," ಎಂದಿದ್ದಳು. ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿದ್ದವರೆಲ್ಲ ಮೆಚ್ಚಿ ತಲೆಯಾಡಿಸಿದ್ದರು. ಕುರುಬರ ಹುಡುಗಿ ತನ್ನ ನೆಲವನ್ನು ತಾನೇ ಓದುತ್ತಿದ್ದಾಳೆ ಎಂಬ ಅವರ ಮೆಚ್ಚುಗೆ ಅವಳಿಗೆ ಅಂದು ಸಿಹಿಯಾಗಿಯೇ ಇತ್ತು, ಈಗ ನೆನೆದರೆ ಕಿವಿ ಬಿಸಿಯಾಗುತ್ತಿತ್ತು.

ಆ ಒಂದು ಗುರುತಿನ ಮೇಲೆ ಇಪ್ಪತ್ತೆರಡು ಎಕರೆ ಬಯಲು ನಿಂತಿತ್ತು. ಹಳೆಯ ಹಾಳೆಯಲ್ಲಿ ಗುಡಿಯ ಸುತ್ತ ಬಯಲು, ಬಯಲಿನ ನಡುವೆ ಒಂದು ಹೊಂಡ. ಹಾಗೆ ಆಗ ಬಯಲಾಗಿದ್ದ ಜಾಗ ಈಗ ಯಾವ ಊರಿನ ಮಗ್ಗುಲಲ್ಲಿದೆಯೋ ಆ ಊರಿನವರಿಗೆ ದನ ಕುರಿ ಮೇಯಿಸಲು ಗಾಯರಾಣವಾಗಿ ಬಿಟ್ಟುಕೊಡುವುದೆಂದು, ಅವಳಿಂದ ನಕಾಶೆ ಬರೆಸಿದ ಸರಕಾರಿ ಸಮಿತಿ ಗೊತ್ತುಮಾಡಿತ್ತು. ಗುಡಿಯನ್ನು ನಂಬಿ ಹಾಸಿದರೆ ಬಯಲು ಬೀರನಹಟ್ಟಿಯ ಮುಂದೆ ಬೀಳುತ್ತದೆ. ಅವಳ ಸೋದರತ್ತೆ ಕಾಡವ್ವನ ಹಟ್ಟಿ ಅದು. ಸೇತುವೆಯನ್ನೂ ಹಳ್ಳವನ್ನೂ ನಂಬಿದರೆ ಬೀಳುವುದು ಅಲ್ಲಿಂದ ಆರುನೂರಾ ನಲವತ್ತು ಮೀಟರು ದೂರ, ಹಳ್ಳದಾಚೆಯ ಸಾತನವಾಡಿಯ ಬದಿಗೆ, ಈಗ ಅಕೇಶಿಯಾ ತೋಪು ಬೆಳೆದು ನಿಂತಿರುವ ಜಾಗದಲ್ಲಿ. ಕಳೆದ ಸಭೆಯಲ್ಲಿ ಸಾತನವಾಡಿಯ ಸತ್ಯವ್ವ ಎಂಬ ಮುದುಕಿ ಎದ್ದು ನಿಂತು, ಆ ತೋಪಿನೊಳಗೆ ಹೊಂಡ ಇತ್ತು, ನಾನು ಸಣ್ಣಾಕಿದ್ದಾಗ ಎಮ್ಮಿ ಮೈ ತೊಳದೀನಿ ಎಂದಾಗ ಪ್ರಮಿಳಾ ಏನು ಹೇಳಿದ್ದಳು? "ಅಜ್ಜೀ, ನೆನಪು ಜಾಗಾ ಬದಲಸತೈತಿ, ನಕಾಶಿ ಬದಲಸೂದಿಲ್ಲ." ಎಷ್ಟು ಚಂದ ಮಾತು! ಸಭೆ ನಕ್ಕಿತ್ತು. ಸತ್ಯವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು ಕೂತಳು, ಮತ್ತೆ ಬಾಯಿ ತೆರೆಯಲಿಲ್ಲ. ಆ ಸೆರಗು ಎಳೆದುಕೊಂಡ ಕೈಯನ್ನು ಪ್ರಮಿಳಾ ನಾಲ್ಕು ದಿನದಿಂದ ಊಟಕ್ಕೆ ಕೂತಾಗ, ಹಲ್ಲುಜ್ಜುವಾಗ, ಸುಮ್ಮಸುಮ್ಮನೆ ನೋಡುತ್ತಿದ್ದಳು.

ರವಿವಾರ ಅವಳು ಹಟ್ಟಿಗೆ ಹೋದದ್ದಾದರೂ ಮೆರೆಯುವುದಕ್ಕೇ. ಕಾಡವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು, ಪ್ರಮಿಳಾ ಮಣೆಯ ಮೇಲೆ ಲ್ಯಾಪ್‌ಟಾಪು ಇಟ್ಟು, ನೋಡು ಅತ್ತಿ, ಇದು ನೂರು ವರ್ಷದ ಹಿಂದಿನ ನಮ್ಮ ಹಟ್ಟಿ, ಇದು ನಮ್ಮ ಗುಡಿ ಎಂದು ತೋರಿಸಿದಳು. ಕಾಡವ್ವ ಹಿಟ್ಟಿನ ಕೈ ದೂರ ಹಿಡಿದು ಬಗ್ಗಿ ನೋಡಿದಳು. "ಬಾಳ ಚೊಲೋ ಆತು. ಹಂಗಾರ ಇದರಾಗ ಸಿದರಾಯ ಮುತ್ಯಾ ಹೊಂಟದ್ದೂ ಐತೇನ?" ಎಲ್ಲಿಗೆ ಹೊಂಟದ್ದು? "ಎಲ್ಲಿಗೆ ಅಂದ್ರ? ದೇವರನ್ನ ಹೊತಕೊಂಡು ಇಲ್ಲಿಗೆ. ನಿಂಗ ಗೊತ್ತಿಲ್ಲೇನ?" ರೊಟ್ಟಿ ತಿರುವಿ ಹಾಕುತ್ತ ಅವಳು ಹೇಳಿದ್ದನ್ನು ಹಟ್ಟಿಯ ಕೂಸುಕುನ್ನಿಗಳೂ ಬಲ್ಲವಂತೆ, ಪ್ರತಿ ವರ್ಷ ಜಾಗರಣೆಯಲ್ಲಿ ಹಾಡುತ್ತಾರಂತೆ. ಕುರಿಗಳಿಗೆ ಬ್ಯಾನಿ ಬಂದು ಒಂದೇ ವಾರದಲ್ಲಿ ಅರ್ಧ ಹಿಂಡು ಸತ್ತಾಗ ಈ ನೆಲ ನಮಗೆ ಮುನಿದೈತಿ ಎಂದುಕೊಂಡು ಇಡೀ ಹಟ್ಟಿ ಎದ್ದಿತು. ಕಾಡವ್ವನ ಅಜ್ಜ ಸಿದರಾಯ, ಬೀರದೇವರ ಕಲ್ಲನ್ನು ಕಂಬಳಿಯಲ್ಲಿ ಸುತ್ತಿ ತಲೆಯ ಮೇಲಿಟ್ಟುಕೊಂಡು ಬರಿಗಾಲಲ್ಲಿ ಹೊರಟ. ಹೊತ್ತ ದೇವರನ್ನು ನಡುವೆ ನೆಲಕ್ಕೆ ಇಳಿಸುವಂತಿಲ್ಲ. ಮುಂದೆ ಕೊರಳಗಂಟೆಯ ಟಗರು, ಹಿಂದೆ ಅವನು. ಟಗರು ಎಲ್ಲಿ ಮಲಗಿ ಮೆಲುಕು ಹಾಕುತ್ತದೋ ಅಲ್ಲೇ ದೇವರು, ಅಲ್ಲೇ ಹಟ್ಟಿ. ಆ ಟಗರೋ, ಹಳ್ಳ ದಾಟಿ, ದಟ್ಟಡವಿ ಹೊಕ್ಕು, ಹೊತ್ತು ಮುಳುಗುವತನಕ ಸುತ್ತಿಸಿತು. "ಮುತ್ಯಾನ ಕಾಲು ಹರದು ರಗತಾ ಸೋರತಿತ್ತಂತ. ಒಂದು ತಿಂಗಳ ನಡೀಲಿಲ್ಲ ಅವ. ಮರಾ ಕಡದು ಬಯಲ ಮಾಡಿ ಈ ಹಟ್ಟಿ ಕಟ್ಟ್ಯಾರ, ತಿಳೀತಾ?" ಪ್ರಮಿಳಾ ಲ್ಯಾಪ್‌ಟಾಪು ಮುಚ್ಚಿದಳು. ಹಾಳೆಯಲ್ಲಿದ್ದದ್ದು ಮುತ್ಯಾ ಹೊರುವ ಮುಂಚಿನ, ಹಳ್ಳದಾಚೆಯ ಗುಡಿ. ಬೆಳಗಾವಿಗೆ ಮರಳಿ, ಬಸ್ಸಿನ ಡ್ರೈವರಿಕೆಯಿಂದ ನಿವೃತ್ತನಾಗಿ ಟೀವಿಯ ಮುಂದೆ ಕೂತಿದ್ದ ಅಪ್ಪ ಮುತ್ತಪ್ಪನನ್ನು ಕೇಳಿದರೆ, ಅವನು ಪರದೆಯಿಂದ ಕಣ್ಣು ಕೀಳದೆ, "ಗೊತ್ತಿತ್ತಲ್ಲ. ನೀ ಯಾವಾಗ ಕೇಳೀದಿ?" ಎಂದ.

ಇದ್ದಲಹೊಂಡದ ಹತ್ತಿರ ಶಶಿಧರ ಸರ್ ಫೋನು ಬಂತು. ಅವರಿಗೆ ಪರೀಕ್ಷೆಯ ಕೆಲಸ, ಇಂದಿನ ಸಭೆಗೆ ಬರುತ್ತಿರಲಿಲ್ಲ. ಹೊಸ ನಕಾಶೆಯ ವಿಷಯವನ್ನು ಅವಳು ಸೋಮವಾರವೇ ತಿಳಿಸಿದ್ದಳು. "ನೋಡವಾ ಪ್ರಮಿಳಾ, ತಪ್ಪು ಯಾರ ಕೈಯಾಗರ ಆಗತಾವ. ಇವತ್ತ ಮೊದಲಿನ ನಕಾಶೀನ ಇಡು. ವರದಿ ಛಾಪ ಆಗೂ ಮುಂದ ಒಂದು ಅಡಿಟಿಪ್ಪಣಿ ಹಾಕಿ ತಿದ್ದೂಣು." ಅಷ್ಟರಲ್ಲಿ ಬಯಲು ಹಂಚಿಕೆಯಾಗಿರುತ್ತದಲ್ಲ ಸರ್ ಎಂದಳು ಅವಳು. "ಆದ್ರ ಆಗಲಿ ಬಿಡು. ನಿಮ್ಮ ಮಂದಿಗೇ ಹೊಂಟೈತಲ್ಲ, ನಿನಗ್ಯಾಕವಾ ಇಷ್ಟು ತ್ರಾಸು? ನಿನ್ನ ಪ್ರಬಂಧಾನೂ ಇದರ ಮ್ಯಾಲೇ ನಿಂತೈತಿ, ಮರೀಬ್ಯಾಡ." ಪ್ರೀತಿಯಿಂದಲೇ ಹೇಳಿದರು. ಹತ್ತು ವರ್ಷದಿಂದ ಅವಳಿಗೆ ಪುಸ್ತಕ ಕೊಟ್ಟು, ಕೆಲಸ ಕೊಟ್ಟು, ಮನೆಯವರಂತೆ ಕಂಡವರು, ಬೈದಿದ್ದರೆ ಸುಲಭವಾಗುತ್ತಿತ್ತು. ಬಸ್ಸಿನ ಸದ್ದಿನಲ್ಲಿ ಕೇಳಿಸುತ್ತಿಲ್ಲ ಎಂದು ಸುಳ್ಳು ಹೇಳಿ ಅವಳು ಫೋನಿಟ್ಟಳು, ಇಟ್ಟ ಮೇಲೆ ಆ ಸಣ್ಣ ಸುಳ್ಳಿಗೂ ನಾಚಿಕೆಯಾಯಿತು. ನಿಮ್ಮ ಮಂದಿಗೇ. ಅವಳನ್ನು ನಾಲ್ಕು ದಿನದಿಂದ ತಿನ್ನುತ್ತಿದ್ದದ್ದು ಇದೇ. ಮಾರ್ಚಿಯಲ್ಲಿ ಸೇತುವೆಯನ್ನು ತೆಗೆದುಹಾಕಿದ ಬೆರಳಿಗೆ ಬಯಲು ಯಾರ ಕಡೆ ಜಾರುತ್ತಿದೆ ಎಂದು ಗೊತ್ತಿರಲಿಲ್ಲವೇ? ಪರದೆಯ ಮೇಲೆ ಬಯಲಿನ ಹಸಿರು ಗೆರೆ ಹಟ್ಟಿಯತ್ತ ಸರಿದಾಗ ಎದೆ ಹಿಗ್ಗಿತ್ತು, ಅದು ಅವಳಿಗೆ ಚೆನ್ನಾಗಿ ನೆನಪಿದೆ. ಹಿಗ್ಗು ಮೊದಲು ಬಂದಿತೋ, ಕಾರಣ ಮೊದಲು ಹೊಳೆಯಿತೋ? ತಪ್ಪು ಮಾಡಿದೆನೋ ಕಳವು ಮಾಡಿದೆನೋ? ಎಷ್ಟು ತಿರುವಿ ಹಾಕಿದರೂ ತಿಳಿಯಲಿಲ್ಲ, ಬಹುಶಃ ಎಂದಿಗೂ ತಿಳಿಯುವುದಿಲ್ಲ. ತಿಳಿಯದಿದ್ದರೂ ತಿದ್ದಬಹುದು ಎಂದು ಅವಳು ತನಗೆ ತಾನೇ ಗದರಿಕೊಂಡಳು. ಗಣೇಬೈಲು ಬಂತು, ಪಕ್ಕದ ಹೆಂಗಸು ಇಳಿದುಹೋದಳು.

ಖಾನಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕಾಡವ್ವ ಮೊದಲೇ ಬಂದು ನಿಂತಿದ್ದಳು, ಪೆಟ್ಟಿಗೆಯ ತಳದಲ್ಲಿಟ್ಟಿದ್ದ ಇಳಕಲ್ ಸೀರೆ ಉಟ್ಟು, ಹಣೆಗೆ ಭಂಡಾರದ ಅರಿಸಿನ ಬಳಿದುಕೊಂಡು. "ಪಮ್ಮೀ!" ಎಂದು ನಾಲ್ಕು ಜನ ತಿರುಗಿ ನೋಡುವಂತೆ ಕೂಗಿದಳು. ಮದುವೆಮನೆಗೆ ಬಂದವಳ ಹುರುಪು. ಅವಳನ್ನು ಚಹಾದಂಗಡಿಯ ಬಾಜೂಕಿನ ಕಟ್ಟೆಯ ಮೇಲೆ ಕೂರಿಸಿ ಪ್ರಮಿಳಾ ಎಲ್ಲವನ್ನೂ ಹೇಳಿದಳು. ಬಳಸದೆ ಹೇಳಬೇಕೆಂದುಕೊಂಡಿದ್ದಳು, ಆದರೂ ಸೇತುವೆ, ಹಳ್ಳ, ಅಂಕಿ ಎಂದು ಸ್ವಲ್ಪ ಬಳಸಿತು. ಕೊನೆಗೆ, ಬಯಲು ನಮ್ಮ ಮುಂದೆ ಇರಲಿಲ್ಲ ಅತ್ತಿ, ನಮ್ಮ ಹಟ್ಟಿ ಈಗಿರೋ ಕಡೆ ಆಗ ಬರೀ ಅಡವಿ, ಅದನ್ನೇ ನಾನು ಇವತ್ತು ಹೇಳಾಕಿ ಎಂದಳು. ಕಾಡವ್ವ ಕಪ್ಪಿನ ಚಹಾ ತಣಿಯುವುದನ್ನು ನೋಡುತ್ತ ಕೂತಳು. "ಅಂದ್ರ ನಾ ಹೇಳಿದ್ದಕ್ಕ ಹೋತೇನ ಬಯಲು?"

"ನೀ ಹೇಳಿದ್ದಕ್ಕ ಹೋಗಲಿಲ್ಲ ಅತ್ತಿ. ನಾ ತಪ್ಪು ಮಾಡಿದ್ದಕ್ಕ ಬಂದಿತ್ತು."

"ಬಂದದ್ದು ಬಂದಿತ್ತಲ್ಲ, ಸುಮ್ಮನಿದ್ರ ಏನಾಗತಿತ್ತು ನಿಂಗ?" ಎಂದಳು ಕಾಡವ್ವ. ಪ್ರಮಿಳಾಳ ಬಳಿ ಉತ್ತರವಿತ್ತು, ಸತ್ಯವ್ವನ ಸೆರಗಿನ ವಿಷಯ, ಆದರೆ ಅದನ್ನು ಮಾತಿಗೆ ತಂದರೆ ತಾನು ದೊಡ್ಡವಳೆಂದು ತೋರಿಸಿಕೊಂಡಂತಾಗುತ್ತದೆ ಅನ್ನಿಸಿತು. ಮೂವತ್ತನಾಲ್ಕು ವರ್ಷದವಳಾಗಿಯೂ ಬೈಸಿಕೊಳ್ಳುವ ಮಗುವಿನಂತೆ ತಲೆ ತಗ್ಗಿಸಿ ನಿಂತಳು. ಕಾಡವ್ವ ಚಹಾ ಮುಟ್ಟದೆ ಎದ್ದಳು. ಕಚೇರಿಯ ದಾರಿಯುದ್ದಕ್ಕೂ ಹತ್ತು ಹೆಜ್ಜೆ ಮುಂದೆ ನಡೆದಳು, ಒಮ್ಮೆಯೂ ಹಿಂತಿರುಗಲಿಲ್ಲ. ಆ ಹೊತ್ತಿನಲ್ಲಿ ಪ್ರಮಿಳಾಳಿಗೆ ಅತ್ತೆಯ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಓಡಿಹೋಗಿ ಕೈ ಹಿಡಿದು, ಆಗಲಿ ಅತ್ತಿ, ಹಳೇ ನಕಾಶೀನ ಇಡತೀನಿ ಎಂದುಬಿಡಬೇಕೆನಿಸಿತು. ಅನ್ನಲಿಲ್ಲ. ಕೊಳವೆಯನ್ನು ಇನ್ನೊಂದು ಬಗಲಿಗೆ ಬದಲಿಸಿ ನಡೆದಳು.

ಸಭೆಯ ಕೋಣೆಯಲ್ಲಿ ಫ್ಯಾನು ಸದ್ದು ಮಾಡುತ್ತಿತ್ತು. ಉದ್ದ ಮೇಜಿನ ತಲೆಯಲ್ಲಿ ಸಮಿತಿಯ ಅಧಿಕಾರಿ, ಅವರ ಬಗಲಲ್ಲಿ ಹೇಳಿಕೆ ಬರೆದುಕೊಳ್ಳುವ ಗುಮಾಸ್ತ ಕಲ್ಲಯ್ಯ, ಗೋಡೆಗೆ ಹಚ್ಚಿದ ಕುರ್ಚಿಗಳಲ್ಲಿ ಎರಡೂ ಊರಿನವರು. ಸತ್ಯವ್ವ ಕೊನೆಯ ಕುರ್ಚಿಯಲ್ಲಿ ಇದ್ದಳು, ಸೆರಗು ತಲೆಯ ಮೇಲೇ ಇತ್ತು. ಪ್ರಮಿಳಾ ಹೊಸ ಹಾಳೆಯನ್ನು ಬಿಚ್ಚಿ ಹಾಸಿದಳು, ಸುರುಳಿಯಾಗುತ್ತಿದ್ದ ಅಂಚನ್ನು ಅಂಗೈಯಿಂದ ಒತ್ತಿ ಹಿಡಿದು ಹೇಳಿದಳು. ಹೋದ ಸಭ್ಯಾಗ ನಾ ಇಟ್ಟ ನಕಾಶಿ ತಪ್ಪೈತ್ರಿ. ಗುಡಿ ಆಗಿನ ಜಾಗಾದಾಗ ಈಗಿಲ್ಲ. ಬಯಲು ಬೀಳೂದು ಸಾತನವಾಡಿ ಬದಿಗೆ. ಸತ್ಯವ್ವಜ್ಜಿ ಹೇಳಿದ್ದು ಖರೇ ಇತ್ತು, ನಾನು ಅವರಿಗೆ ಅಂದದ್ದು ತಪ್ಪು. ಕೋಣೆಯಲ್ಲಿ ಗುಜುಗುಜು ಎದ್ದಿತು. ಹಟ್ಟಿಯ ಗಂಡಸೊಬ್ಬ, "ಏನ್ ಹಚ್ಚೀಯವಾ ಇದು," ಎಂದು ಅರ್ಧ ಎದ್ದು ಕೂತ. ಅಧಿಕಾರಿ ಅವಸರಪಡಲಿಲ್ಲ. ವರದಿಯ ಪುಟ ತಿರುವಿ ಒಂದು ಕಡೆ ಬೆರಳಿಟ್ಟರು. "ಈ ಸೇತುವಿ, ಹಳ್ಳ ಎರಡನ್ನೂ ನಂಬಾಕ ಬರೂದಿಲ್ಲ ಅಂತ ನೀವ ಬರದೀರಲ್ರಿ, ಎರಡು ಪುಟ?" ಎಂದರು, ಮತ್ತು ಅವಳದೇ ವಾಕ್ಯವನ್ನು ಗಟ್ಟಿಯಾಗಿ ಓದಿದರು. ಎಷ್ಟು ನುಣುಪಾದ ವಾಕ್ಯ! ಬರೆದಾಗ ಎರಡು ಸಲ ಓದಿಕೊಂಡು ಮೆಚ್ಚಿಕೊಂಡಿದ್ದಳು. "ಇವತ್ತ ಅವನ್ನೇ ನಂಬ್ರಿ ಅಂತೀರಿ. ಗುಡಿ ಸರದೈತಿ ಅನ್ನಾಕ ದಾಖಲಿ ಏನೈತಿ?" ದಾಖಲೆ ಇರಲಿಲ್ಲ. "ಸಾಕ್ಷಿ?"

ನಾಲ್ಕು ದಿನ ಎಲ್ಲವನ್ನೂ ಯೋಚಿಸಿದ್ದವಳು ಇದೊಂದನ್ನು ಯೋಚಿಸಿರಲಿಲ್ಲ. ತಾನು ನಿಜ ಹೇಳುವುದು, ನಷ್ಟವನ್ನು ತಾನು ಹೊರುವುದು, ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದಳು. ತನ್ನ ಮಾತು ನಿಲ್ಲಬೇಕಾದರೆ ಕಾಡವ್ವನೇ ಎದ್ದು ತನ್ನ ಬಯಲನ್ನು ತಾನೇ ಬಿಟ್ಟುಕೊಡಬೇಕು. ಅಧಿಕಾರಿಯ ಕಣ್ಣು ಅವಳ ಕಣ್ಣನ್ನು ಹಿಂಬಾಲಿಸಿ ಇಳಕಲ್ ಸೀರೆಯ ಮುದುಕಿಯ ಮೇಲೆ ನಿಂತಿತು. "ಅಜ್ಜೀ, ನೀವ ಹಟ್ಟಿ ಹಿರೇರಲ್ಲ? ಗುಡಿ ಮೊದಲಿಂದ ಅಲ್ಲೇ ಐತೋ, ಸರದೈತೋ?" ಒಂದು 'ಇಲ್ರಿ' ಸಾಕು. ಹಳೆಯ ನಕಾಶೆ ಉಳಿಯುತ್ತದೆ, ಬಯಲು ಉಳಿಯುತ್ತದೆ, ಪ್ರಮಿಳಾ ತನ್ನ ಕರ್ತವ್ಯ ಮಾಡಿದಳು ಎಂದೂ ಆಗುತ್ತದೆ. ಇಲ್ಲ ಅನ್ನು ಅತ್ತಿ, ಅಂದುಬಿಡು ಎಂದು ಅವಳೊಳಗೆ ಯಾರೋ ಕೈಮುಗಿದು ಬೇಡಿದರು. ಅದು ತಾನೇ ಎಂದು ಗುರುತಿಸಿದಾಗ ಅವಳಿಗೆ ಹೇಸಿಕೆಯಾಯಿತು.

ಕಾಡವ್ವ ಮೊಣಕಾಲಿಗೆ ಕೈಕೊಟ್ಟು ಎದ್ದಳು. "ಸರದೈತೇನು ಅಂತ ಕೇಳಬ್ಯಾಡ್ರಿ ಸಾಹೇಬ್ರ. ಗುಡಿ ತಾನ ಸರೀತೈತೇನ್ರಿ? ನಮ್ಮ ಮುತ್ಯಾ ಹೊತ್ತಾನ." ಅವಳ ಮುಖದಲ್ಲಿ ಸಿಟ್ಟು ನಿಚ್ಚಳವಾಗಿತ್ತು, ಯಾರ ಮೇಲೆ ಎಂದು ಹೇಳುವಂತಿರಲಿಲ್ಲ. ಹಟ್ಟಿಯ ಗಂಡಸು ಅವಳ ಸೆರಗು ಜಗ್ಗಿ, ಕುಂದರ ಯವ್ವಾ ಎಂದ. ಅವಳು ಅವನ ಕೈ ಕೊಡವಿದಳು. "ಬಿಡೋ. ಇಲ್ಲ ಅಂದ್ರ ಅವ ಹೊರಲೇ ಇಲ್ಲ ಅಂದಂಗಾತು. ಅವನ ಕಾಲು ಹರೀಲೇ ಇಲ್ಲ ಅಂದಂಗಾತು. ವರ್ಷಾ ಬಾಯಿತುಂಬ ಹಾಡಿ, ಇವತ್ತ ಇಲ್ಲಿ ಕುಂತು ಇಲ್ಲ ಅನ್ನಲೇನ?" ಮೂಲೆಯಲ್ಲಿ ಸತ್ಯವ್ವ, ಏನಂತಾಳ ಅಕೀ, ಏನಂತಾಳ ಎಂದು ಪಕ್ಕದವರನ್ನು ಕೇಳುತ್ತಿದ್ದಳು.

ಕಲ್ಲಯ್ಯ ಪೆನ್ನು ಹಿಡಿದು, ಸದರಿ ದೇವಸ್ಥಾನವನ್ನು ಸ್ಥಳಾಂತರಿಸಲಾಗಿರುತ್ತದೆ ಎಂದು ಬಾಯಲ್ಲಿ ಹೇಳಿಕೊಳ್ಳುತ್ತ ಬರೆಯತೊಡಗಿದ. "ಇವರು ಬ್ಯಾಡ," ಎಂದಳು ಕಾಡವ್ವ. "ಅಕೀ ಬರೀಲಿ. ಕೊಟ್ಟು ಕಸಗೊಂಡಾಕಿ ಅಕೀನ, ಬರಿಯಾಕೀನೂ ಅಕೀನ ಆಗಲಿ." ಅಧಿಕಾರಿ ಭುಜ ಹಾರಿಸಿದರು. ಕಾಗದ ಪ್ರಮಿಳಾಳ ಮುಂದೆ ಬಂತು. ಅತ್ತೆ ಅವಳ ಹೆಗಲ ಹಿಂದೆ ಬಂದು ನಿಂತು ಹೇಳಿದಳು, ಪ್ರಮಿಳಾ ಬರೆದಳು. ನಮ್ಮ ಅಜ್ಜ ಸಿದರಾಯ ದೇವರನ್ನು ತಲೆಯ ಮೇಲೆ ಹೊತ್ತು ಹಳ್ಳ ದಾಟಿ ಬಂದಿದ್ದು ಖರೆ. ಬರುವ ಮುಂದೆ ಇಲ್ಲಿ ಅಡವಿ ಇದ್ದದ್ದು ಖರೆ. "ಬರದ್ಯಾ? ಇನ್ನ ಇದನ್ನೂ ಬರಿ. ಆವತ್ತಿನಿಂದ ನಾವು ಎಲ್ಲಿಗೂ ಹೋಗಿಲ್ಲ. ನಾ ಅಲ್ಲೇ ಹುಟ್ಟೀನಿ. ಹಟ್ಟ್ಯಾಗ ಕುರಿ ಇನ್ನೂರಾ ಹನ್ನೊಂದು ಅದಾವು. ಬಯಲು ನಮ್ದಲ್ಲ ಅಂದ್ರ ಅಲ್ಲ. ನಾಳಿಂದ ಅವನ್ನ ಎಲ್ಲಿ ಹೊಡಕೊಂಡು ಹೋಗಬೇಕು, ಅದನ್ನ ಸಾಹೇಬ್ರು ಹೇಳಬೇಕು."

"ಅದು ಬ್ಯಾಡ್ರಿ," ಎಂದರು ಅಧಿಕಾರಿ. "ಇವತ್ತಿನ ವಿಷಯಕ್ಕ ಸಂಬಂಧ ಇಲ್ಲ. ಮ್ಯಾಲಿನ ಎರಡು ಸಾಲು ಸಾಕು."

ಪ್ರಮಿಳಾ ತಲೆಯೆತ್ತಲಿಲ್ಲ. "ಹೇಳಿಕಿ ಅವರದೈತ್ರಿ ಸರ್," ಎಂದಳು. ಇನ್ನೂರಾ ಹನ್ನೊಂದು ಎಂಬುದನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದಳು. ಮುಂದಿನ ಸಾಲನ್ನೂ, ಅದರ ಮುಂದಿನದನ್ನೂ ಒಂದು ಮಾತು ಬಿಡದೆ ಬರೆದಳು. ಇನ್ನು ಈ ಹಾಳೆಯ ಬೆನ್ನು ಹತ್ತಿ ಎಷ್ಟು ಸಲ ಈ ಕಚೇರಿಯ ಮೆಟ್ಟಿಲು ಹತ್ತಬೇಕಾಗುತ್ತದೋ ಅಷ್ಟು ಸಲ ಹತ್ತುವುದೇ ಸೈ, ಅದರಲ್ಲಿ ಅವಳಿಗೆ ಸಂಶಯ ಉಳಿದಿರಲಿಲ್ಲ. ಪೆನ್ನನ್ನು ಅತ್ತೆಯ ಕೈಗೆ ಕೊಡಹೋದಳು. ಕಾಡವ್ವ ತೆಗೆದುಕೊಳ್ಳಲಿಲ್ಲ.

"ಸಹಿ ಆಮ್ಯಾಲೆ ಮಾಡತೀನಿ," ಎಂದಳು. "ಮೊದಲ ಎದ್ದು ನಿಂತು ಓದು. ಗಟ್ಟ್ಯಾಗಿ ಓದು. ಬಯಲು ಯಾರಿಗೆ ಹೊಂಟೈತಿ, ಅವರಿಗೂ ಕೇಳಲಿ, ಕುರಿ ಎಷ್ಟ ಅದಾವು ಅಂತ."

ಪ್ರಮಿಳಾ ಎದ್ದು ನಿಂತು, ಸತ್ಯವ್ವ ಕೂತಿದ್ದ ಕಡೆಗೆ ತಿರುಗಿ, ಮೊದಲಿನಿಂದ ಓದತೊಡಗಿದಳು.